ಹಾಳಾದ ರಜೆ: ಜಗಳ ತಪ್ಪು ವಿಳಾಸಕ್ಕೆ ಹೋಗ್ತಿದೆ

ಭಾಗ 1/9: ಫೋಟೋದಲ್ಲಿ ಇಲ್ಲದ್ದು

ಹಾಳಾದ ರಜೆಗೆ ಫೋಟೋನೇ ಇರಲ್ಲ. ಗಮನಿಸಿದ್ದೀರಾ?

ಮುಳ್ಳಯ್ಯನಗಿರಿಯ ಮಂಜಿನಲ್ಲಿ ಕೈ ಚಾಚಿ ನಿಂತಿದ್ದು ಇರುತ್ತೆ. ಅದಕ್ಕೂ ಮೊದಲು ಗಿರಿಯ ಕೆಳಗೆ, ಇಂಜಿನ್ ಆಫ್ ಮಾಡಿ, ಮುಂದಿನ ಕಾರಿನ ನಂಬರ್ ಪ್ಲೇಟ್ ಬಾಯಿಪಾಠ ಆಗುವಷ್ಟು ಹೊತ್ತು ಕೂತಿದ್ದು ಇರಲ್ಲ. ಹೋಂಸ್ಟೇ ಜಗಲಿಯ ಕಾಫಿ ಲೋಟ ಇರುತ್ತೆ. ಬುಕ್ ಮಾಡುವಾಗ ತೋರಿಸಿದ ಕೋಣೆಯೇ ಬೇರೆ, ಬೀಗದ ಕೈ ಕೊಟ್ಟ ಕೋಣೆಯೇ ಬೇರೆ ಅನ್ನೋದು ಇರಲ್ಲ. ಗೋಕರ್ಣದ ಸೂರ್ಯಾಸ್ತ ಇರುತ್ತೆ. ರಾತ್ರಿ ಬಸ್ಸಿಗೆ ಮೂರು ಪಟ್ಟು ದುಡ್ಡು ಕೊಟ್ಟು, ಎಸಿ ಕೆಟ್ಟ ಸ್ಲೀಪರ್‌ನಲ್ಲಿ ಬೆವರಿಕೊಂಡು ಬಂದಿದ್ದು ಇರಲ್ಲ.

ಇನ್ನೂ ಒಂದು ಇರಲ್ಲ. ವಾಪಸ್ ಬರುವಾಗ ಕಾರಿನೊಳಗೆ ನಡೆದ ಜಗಳ.

"ನಿನ್ನ ಪ್ಲಾನ್ ಅಲ್ವಾ ಇದು?"
"ನಾನು ಆಗ್ಲೇ ಹೇಳಿದ್ದೆ, ಬೆಳಗ್ಗೆ 4ಕ್ಕೆ ಹೊರಡೋಣ ಅಂತ."
"ಮಕ್ಕಳನ್ನ 4ಕ್ಕೆ ಎಬ್ಬಿಸೋಳು ನಾನು ತಾನೇ?"

ಆಮೇಲೆ ಮೌನ. ಮಕ್ಕಳ ಕೈಗೆ ಫೋನ್. ನೆಲಮಂಗಲದ ಹತ್ತಿರ ಮತ್ತೆ ಟ್ರಾಫಿಕ್. ಮನೆಗೆ ಬಂದು, ಬ್ಯಾಗ್ ಬಿಸಾಕಿ, ಸೋಮವಾರಕ್ಕೆ ಅಲಾರಂ ಇಟ್ಟು, ನಡುವೆ ನಗ್ತಾ ಇರೋ ನಾಲ್ಕು ಫೋಟೋ ಆರಿಸಿ ಹಾಕೋದು.

ಈ ಜಗಳದ ಬಗ್ಗೆಯೇ ಈ ಸರಣಿ. ಯಾಕಂದ್ರೆ ಅದು ತಪ್ಪು ವಿಳಾಸಕ್ಕೆ ಹೋಗ್ತಿದೆ. ಬಸ್ಸಿಗೆ ಮೂರು ಪಟ್ಟು ಕೇಳಿದವನ ಮೇಲೆ ಹೋಗಬೇಕಾದ ಕೋಪ ಹೆಂಡತಿ ಮೇಲೆ ಹೋಗುತ್ತೆ. ಇಲ್ಲದ ಕೋಣೆ ಮಾರಿದವನ ಮೇಲೆ ಹೋಗಬೇಕಾದ್ದು, ಬುಕ್ ಮಾಡಿದ ಗೆಳೆಯನ ಮೇಲೆ ಹೋಗುತ್ತೆ. ರಸ್ತೆ ಎಷ್ಟು ವಾಹನ ತಾಳುತ್ತೆ ಅಂತ ಲೆಕ್ಕ ಹಾಕದ ಆಡಳಿತದ ಮೇಲೆ ಹೋಗಬೇಕಾದ್ದು, ಹಿಂದಿನ ಸೀಟಿನಲ್ಲಿ "ಇನ್ನೆಷ್ಟು ದೂರ" ಅಂತ ಕೇಳಿದ ಮಗುವಿನ ಮೇಲೆ ಹೋಗುತ್ತೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ನಮ್ಮ ರಜೆಗಳಲ್ಲಿ ಕೊತ್ತಿಗಳೇ ಜಾಸ್ತಿ. ಅತ್ತೆ ಯಾರು ಅಂತ ಒಮ್ಮೆ ನೋಡೋಣ.

—

ಭಾಗ 2/9: ಒಂದು ದಿನ ರಜೆಯ ಬೆಲೆ ಎಷ್ಟು?

"ಹೋಗ್ಲಿ ಬಿಡಿ, ಒಂದು ರಜೆ ತಾನೇ."

ಈ ಮಾತು ಹೇಳೋ ಮೊದಲು ಒಂದು ಲೆಕ್ಕ ಹಾಕಿ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ ಪ್ರಕಾರ ಗಳಿಕೆ ರಜೆಯ ಲೆಕ್ಕ ಏನು ಗೊತ್ತಾ? 20 ದಿನ ದುಡಿದರೆ 1 ದಿನ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲೂ ವಯಸ್ಕ ಕಾರ್ಮಿಕರಿಗೆ ಅದೇ ಲೆಕ್ಕ ಇತ್ತು, 20ಕ್ಕೆ 1. ಕೆಲವು ಕಂಪನಿಗಳು ಇದಕ್ಕಿಂತ ಜಾಸ್ತಿ ಕೊಡಬಹುದು. ಆದರೆ ಕಾನೂನಿನ ಅಳತೆ ಇದು.

ಅಂದ್ರೆ ಗುರುವಾರ ಹಬ್ಬ ಬಂತು, ಶುಕ್ರವಾರ ಒಂದು ರಜೆ ಹಾಕಿ ನಾಲ್ಕು ದಿನ ಮಾಡಿಕೊಂಡ್ರಿ ಅಂದ್ಕೊಳ್ಳಿ. ಆ ಶುಕ್ರವಾರದ ಹಿಂದೆ ನಿಮ್ಮ 20 ದಿನದ ದುಡಿಮೆ ಇದೆ. 20 ಬೆಳಗ್ಗೆ ಸಿಲ್ಕ್ ಬೋರ್ಡ್ ದಾಟಿದ್ದೀರಿ. 20 ಸಂಜೆ ಮೀಟಿಂಗ್ ಮುಗಿಸಿ ತಡವಾಗಿ ಬಂದಿದ್ದೀರಿ. ಗಂಡ ಹೆಂಡತಿ ಇಬ್ಬರೂ ದುಡಿಯೋರಾದ್ರೆ ಆ ಒಂದು ಶುಕ್ರವಾರ ಒಟ್ಟು 40 ದಿನದ್ದು.

ಆ ಶುಕ್ರವಾರವನ್ನ ಯಾರೋ ಪಾರ್ಕಿಂಗ್ ಸಾಲಿನಲ್ಲಿ, ತಪ್ಪು ಕೋಣೆಯಲ್ಲಿ, ಬಾರದ ಬಸ್ಸಿಗೆ ಕಾದು ಕಳೆಯುವ ಹಾಗೆ ಮಾಡಿದರೆ, ಹೋದದ್ದು ಬರೀ 1 ದಿನ ಅಲ್ಲ.

ದುಡ್ಡು ಹೋದರೆ ಇನ್ನೊಂದು ತಿಂಗಳಲ್ಲಿ ಸಂಬಳ ಬರುತ್ತೆ. ಈ ರಜೆ ಮತ್ತೆ ಬರಬೇಕಾದ್ರೆ ಮತ್ತೆ 20 ದಿನ. ಅಷ್ಟೇ ಅಲ್ಲ, ನಿಮ್ಮ ರಜೆ, ನಿಮ್ಮ ಮನೆಯವರ ರಜೆ, ಮಕ್ಕಳ ಶಾಲೆಯ ರಜೆ, ಊರಲ್ಲಿರೋ ಅಪ್ಪನ ಆರೋಗ್ಯ ಇವೆಲ್ಲಾ ಒಂದೇ ವಾರದಲ್ಲಿ ಕೂಡಿ ಬರೋದು ವರ್ಷಕ್ಕೆ ಒಮ್ಮೆಯೋ ಎರಡು ಸಲವೋ. ಅದು ಕೂಡಿ ಬಂದಾಗಲೇ ಎಲ್ಲರೂ ಸೇರಿ ಸುಲಿಗೆಗೆ ನಿಲ್ತಾರೆ.

ಹಾಗಾಗಿ ರಜೆ ಹಾಳಾಗೋದನ್ನ "ಚಿಕ್ಕ ವಿಷಯ", "ಇರೋರ ಗೋಳು" ಅನ್ನೋರಿಗೆ ನನ್ನ ಉತ್ತರ ಇಷ್ಟೇ: ವರ್ಷಪೂರ್ತಿ ವಿಮಾನದಲ್ಲಿ ಓಡಾಡೋರಿಗೆ ಇದು ಚಿಕ್ಕದು. ಪೀಣ್ಯದಲ್ಲಿ ಪಾಳಿ ಕೆಲಸ ಮಾಡಿ, ಮಕ್ಕಳಿಗೆ ಮೊದಲ ಸಲ ಸಮುದ್ರ ತೋರಿಸೋಕೆ ಹೊರಟವರಿಗೆ ಚಿಕ್ಕದಲ್ಲ.

—

ಭಾಗ 3/9: ಗಾಳಿ ಬಂದಾಗ ತೂರಿಕೊಳ್ಳೋರು

ಗಣೇಶ ಹಬ್ಬ, ದಸರಾ, ದೀಪಾವಳಿ. ಪ್ರತಿ ವರ್ಷ ಒಂದೇ ಸಿನಿಮಾ.

ಖಾಸಗಿ ಬಸ್ ದರ ಏರುತ್ತೆ. ಟಿವಿಯಲ್ಲಿ ಪ್ರಯಾಣಿಕರು ಬೈತಾರೆ. ಸಾರಿಗೆ ಇಲಾಖೆ "ಕಠಿಣ ಕ್ರಮ" ಅಂತ ಎಚ್ಚರಿಕೆ ಕೊಡುತ್ತೆ. ಒಂದಷ್ಟು ಬಸ್ ತಪಾಸಣೆ ಆಗುತ್ತೆ. ಹಬ್ಬ ಮುಗಿಯುತ್ತೆ. ಮುಂದಿನ ಹಬ್ಬಕ್ಕೆ ಅದೇ ಸಿನಿಮಾ, ಅದೇ ಡೈಲಾಗ್.

ಇದು ಯಾಕೆ ಹೀಗೆ ಅಂತ ಯಾರೂ ನಮಗೆ ಬಿಡಿಸಿ ಹೇಳಲ್ಲ. ಹೇಳ್ತೀನಿ, ಕೇಳಿ.

ನೀವು ಆ್ಯಪ್‌ನಲ್ಲಿ ಸೀಟ್ ಬುಕ್ ಮಾಡೋ ಖಾಸಗಿ ಸ್ಲೀಪರ್‌ಗಳಲ್ಲಿ ಹೆಚ್ಚಿನವು ಓಡೋದು ಒಪ್ಪಂದ ವಾಹನದ ಪರ್ಮಿಟ್ ಮೇಲೆ. ಅದು ಇರೋದು ಮದುವೆ ದಿಬ್ಬಣದ ಹಾಗೆ ಇಡೀ ಬಸ್ಸನ್ನ ಒಂದು ಗುಂಪು ಬಾಡಿಗೆಗೆ ತಗೊಳ್ಳೋದಕ್ಕೆ. ದಾರಿಯಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೆ ಟಿಕೆಟ್ ಕೊಟ್ಟು ಹತ್ತಿಸಿಕೊಳ್ಳೋದಕ್ಕೆ ಬೇರೆಯೇ ಪರ್ಮಿಟ್ ಇದೆ. ಆದರೆ ನಡೆಯೋದು ಏನು ಅಂತ ಮೆಜೆಸ್ಟಿಕ್‌ನಿಂದ ಯಶವಂತಪುರದವರೆಗೆ ಯಾವುದೇ ಶುಕ್ರವಾರ ರಾತ್ರಿ ನಿಂತು ನೋಡಿ. ಕಾಗದದ ಮೇಲೆ ಬಾಡಿಗೆ ಬಸ್, ರಸ್ತೆ ಮೇಲೆ ರೂಟ್ ಬಸ್. ದರ ಮಾತ್ರ ಯಾರ ಹಿಡಿತಕ್ಕೂ ಸಿಗದ್ದು.

"ಸರ್ಕಾರಕ್ಕೆ ಅಧಿಕಾರ ಇಲ್ಲ ಪಾಪ" ಅಂತೀರಾ? ಇದೆ. 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಂ ಓದಿ. ಒಪ್ಪಂದ ವಾಹನಗಳಿಗೂ ಕನಿಷ್ಠ, ಗರಿಷ್ಠ ದರ ನಿಗದಿ ಮಾಡೋಕೆ ರಾಜ್ಯ ಸರ್ಕಾರ ನಿರ್ದೇಶನ ಕೊಡಬಹುದು. ಇದೇ ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಆ್ಯಪ್ ಟ್ಯಾಕ್ಸಿ ಸೇರಿ ಟ್ಯಾಕ್ಸಿಗಳಿಗೆ ಏಕರೂಪ ದರ ಅಂತ ಆದೇಶ ಹೊರಡಿಸಿತು. ಟ್ಯಾಕ್ಸಿಗೆ ಬರೆಯೋಕೆ ಬಂದ ಕೈ ಸ್ಲೀಪರ್ ಬಸ್ಸಿಗೆ ಯಾಕೆ ಬರಲ್ಲ?

ಬೇಡಿಕೆ ಹೆಚ್ಚಿದಾಗ ದರ ಸ್ವಲ್ಪ ಏರೋದು ವ್ಯಾಪಾರ, ಒಪ್ಪೋಣ. ಆದರೆ ಹಬ್ಬಕ್ಕೆ ಊರಿಗೆ ಹೋಗದೇ ಇರೋಕಾಗದವನ ಹತ್ತಿರ ಇದ್ದಷ್ಟು ಕಿತ್ತುಕೊಳ್ಳೋದು ವ್ಯಾಪಾರ ಅಲ್ಲ. ಅವನಿಗೆ ಆಯ್ಕೆ ಇಲ್ಲ ಅಂತ ಗೊತ್ತಿದ್ದೇ ಬೆಲೆ ಹಾಕ್ತಾರೆ.

ವಿಳಾಸ ಒಂದು: ಬಸ್ ಮಾಲೀಕ. ವಿಳಾಸ ಎರಡು: ಅಧಿಕಾರ ಇಟ್ಟುಕೊಂಡೂ ಎಚ್ಚರಿಕೆ ಮಾತ್ರ ಕೊಡೋ ಇಲಾಖೆ. "ಒಂದು ವಾರ ಮೊದಲೇ ಬುಕ್ ಮಾಡೋಕೆ ನಿನಗೇನು ಧಾಡಿ" ಅಂತ ಮನೆಯಲ್ಲಿ ಬೈಸಿಕೊಂಡವರು ಈ ಪಟ್ಟಿಯಲ್ಲಿ ಇಲ್ಲ.

—

ಭಾಗ 4/9: ಕೋಣೆ ಎಣಿಸ್ತಾರೆ, ರಸ್ತೆ ಎಣಿಸಲ್ಲ

2024ರ ಜನವರಿ 26 ಶುಕ್ರವಾರ ಬಂತು. ಮೂರು ದಿನ ಸಾಲಾಗಿ ರಜೆ. ಆ ವಾರ ಕುಮಾರ ಪರ್ವತದ ಚಿತ್ರ ನೀವೂ ನೋಡಿರ್ತೀರಿ. ಬೆಟ್ಟದ ದಾರಿಯೋ ತಿರುಪತಿ ಕ್ಯೂವೋ ಗೊತ್ತಾಗದ ಹಾಗೆ ಜನ. ಅದಾದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಕಡೆ ಚಾರಣ ನಿಲ್ಲಿಸಿತು.

ಅದಾದ ಮೇಲೆ. ಈ ಎರಡು ಪದದಲ್ಲೇ ನಮ್ಮ ಪ್ರವಾಸೋದ್ಯಮದ ಕಥೆ ಇದೆ.

ಪಕ್ಕದ ಊಟಿ, ಕೊಡೈಕೆನಾಲ್‌ಗೆ 2024ರ ಮೇ 7ರಿಂದ ಇ-ಪಾಸ್ ಬಂತು. ಅದೂ ಆಡಳಿತ ತಾನಾಗಿ ಯೋಚಿಸಿ ತಂದದ್ದಲ್ಲ, ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ. 2025ರ ಬೇಸಿಗೆಗೆ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯ 8,000 ವಾಹನ ಅಂತ ಮಿತಿಯನ್ನೂ ಕೋರ್ಟೇ ಹಾಕಬೇಕಾಯ್ತು. ನಮ್ಮ ಮುಳ್ಳಯ್ಯನಗಿರಿ ಭಾಗಕ್ಕೆ ಮುಂಗಡ ಬುಕಿಂಗ್, ವಾಹನ ಮಿತಿ ಬಂದಿದ್ದು 2025ರಲ್ಲಿ. ಸುಮಾರು 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಶಿಖರ ಅದು. ತುದಿಗೆ ಹೋಗೋದು ಕಿರಿದಾದ ಬೆಟ್ಟದ ರಸ್ತೆ. ಆ ರಸ್ತೆ ಎಷ್ಟು ಕಾರು ತಾಳುತ್ತೆ ಅನ್ನೋದು ಮೊದಲ ದಿನದಿಂದಲೇ ಎಣಿಸಬಹುದಾಗಿದ್ದ ಸಂಖ್ಯೆ.

ಹೋಟೆಲ್‌ನವರು ಕೋಣೆ ಎಣಿಸ್ತಾರೆ. ಸುಂಕದ ಗೇಟಿನವರು ದುಡ್ಡು ಎಣಿಸ್ತಾರೆ. ಪ್ರವಾಸೋದ್ಯಮ ಇಲಾಖೆ "ಈ ಸಲ ಇಷ್ಟು ಲಕ್ಷ ಪ್ರವಾಸಿಗರು" ಅಂತ ಹೆಮ್ಮೆಯಿಂದ ತಲೆ ಎಣಿಸುತ್ತೆ. ರಸ್ತೆ, ಪಾರ್ಕಿಂಗ್, ಶೌಚಾಲಯ ಮಾತ್ರ ಯಾರೂ ಎಣಿಸಲ್ಲ.

ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಬರೀ ಮಿತಿ ಹಾಕಿದ್ರೆ ಜನ ಪಕ್ಕದ ಬೆಟ್ಟಕ್ಕೆ ಜರುಗ್ತಾರೆ, ಅಷ್ಟೇ. ಊರ ಹೊರಗೆ ಕಾರು ನಿಲ್ಲಿಸಿ, ಅಲ್ಲಿಂದ ಮೇಲಕ್ಕೆ ಹತ್ತು ನಿಮಿಷಕ್ಕೊಂದು ಸರ್ಕಾರಿ ಮಿನಿ ಬಸ್ ಬಿಡಿ. ಮಿತಿಯ ಜೊತೆಗೆ ದಾರಿಯನ್ನೂ ಕೊಡಿ.

ಇನ್ನೂ ಒಂದು. ಎಲ್ಲರಿಗೂ ಅದೇ ಮೂರು ದಿನ ಯಾಕೆ? ಫ್ರಾನ್ಸ್‌ನಲ್ಲಿ ಶಾಲೆಗಳನ್ನ 3 ವಲಯ ಮಾಡಿ, ಚಳಿಗಾಲದ ಮತ್ತು ವಸಂತದ ರಜೆಯನ್ನ ಬೇರೆ ಬೇರೆ ವಾರಕ್ಕೆ ಹಂಚ್ತಾರೆ. ಜರ್ಮನಿಯಲ್ಲಿ ಬೇಸಿಗೆ ರಜೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ದಸರಾ ಜರುಗಿಸೋಕಾಗಲ್ಲ, ಸರಿ. ಆದರೆ ಹಬ್ಬ ಅಲ್ಲದ ವಾರದಲ್ಲಿ ನೌಕರ ಎರಡು ದಿನ ಕೇಳಿದ್ರೆ "ಈಗ ಡೆಲಿವರಿ ಇದೆ" ಅನ್ನೋ ಮ್ಯಾನೇಜರ್‌ಗಳು ಜರುಗಬಹುದಲ್ವಾ? ಉದ್ದ ವಾರಾಂತ್ಯದ ಜಾತ್ರೆ ಅರ್ಧ ಹುಟ್ಟೋದು ಆ ಕ್ಯಾಬಿನ್‌ಗಳಲ್ಲೇ.

—

ಭಾಗ 5/9: ಊರಿನವರು ನಿಮ್ಮ ಶತ್ರು ಅಲ್ಲ, ಮಳೆಯೂ ಅಲ್ಲ

ಜಗಳದ ವಿಳಾಸ ಹುಡುಕುವಾಗ ಎರಡು ಹೆಸರು ಅಳಿಸಿ ಹಾಕಬೇಕು.

ಮೊದಲನೆಯದು ಊರಿನವರು. "ಮಲೆನಾಡಿಗೆ ಬರಬೇಡಿ" ಅಂತ ಸಕಲೇಶಪುರದವರೋ ಮಡಿಕೇರಿಯವರೋ ಬರೆದಾಗ ನಾವು ಕಾಮೆಂಟ್‌ನಲ್ಲಿ ಹರಿಹಾಯ್ತೀವಿ. "ನಮ್ಮ ದುಡ್ಡಲ್ಲೇ ನಿಮ್ಮ ಊಟ" ಅಂತ ಬರೆಯೋರೂ ಇದ್ದಾರೆ. ನಾಚಿಕೆ ಆಗ್ಬೇಕು.

ಅವರ ಕಡೆಯಿಂದ ನೋಡಿ. ಅವರ ಊರಿನ ರಸ್ತೆ ಪ್ರತಿ ಉದ್ದ ವಾರಾಂತ್ಯ ಅವರಿಗೇ ಸಿಗಲ್ಲ. ಹೆರಿಗೆಗೆ ಹೊರಟ ಆಂಬುಲೆನ್ಸ್, ಕಾಫಿ ತುಂಬಿದ ಜೀಪು, ಸಂತೆಗೆ ಹೊರಟ ಮುದುಕಿ ಎಲ್ಲರೂ ನಿಮ್ಮ ಹಿಂದೆಯೇ ಸಿಕ್ಕಿಕೊಂಡಿರ್ತಾರೆ. ನಿಮ್ಮ ರಜೆ ಹಾಳಾಗೋದು ವರ್ಷಕ್ಕೆ ಒಂದೆರಡು ಸಲ. ಅವರ ವಾರದ ದಿನಗಳೇ ಹಾಳಾಗ್ತಿವೆ. ಆ ಲಾಭದ ಬಹುಪಾಲು ಹೋಗೋದು ರೆಸಾರ್ಟ್ ಕಟ್ಟಿದವರಿಗೆ, ರಸ್ತೆ ಬದಿ ಜೋಳ ಸುಡೋರಿಗಲ್ಲ. ನೀವೂ ಅವರೂ ಒಂದೇ ಸಾಲಿನಲ್ಲಿ ನಿಂತಿದ್ದೀರಿ.

ಎರಡನೆಯದು ಮಳೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಬೆಟ್ಟಕ್ಕೋ ಜಲಪಾತಕ್ಕೋ ಪ್ರವೇಶ ನಿಲ್ಲಿಸಿದ್ರೆ ಚೆಕ್‌ಪೋಸ್ಟ್ ಪೊಲೀಸರ ಜೊತೆ ಜಗಳಕ್ಕೆ ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಿತ್ತು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರುಗಳೇ ಹೋದವು. ಅದೇ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿ ಬದಿಯ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲು ದಿನಗಟ್ಟಲೆ ನಿಂತವು. ಅವತ್ತು ಟ್ರಿಪ್ ರದ್ದಾದವರು ಪುಣ್ಯವಂತರು.

ಹಾಗಂತ ಮಳೆ ಹೆಸರಲ್ಲಿ ತಪ್ಪಿಸಿಕೊಳ್ಳೋರನ್ನ ಬಿಡಬೇಡಿ. ಜಿಲ್ಲಾಡಳಿತವೇ ದಾರಿ ಮುಚ್ಚಿರುವಾಗ "ನಾನ್ ರಿಫಂಡಬಲ್ ಸರ್" ಅನ್ನೋದು ಮಳೆಯಲ್ಲ, ಮನುಷ್ಯ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಶುರುವಾಗಿದ್ದು 2009ರಲ್ಲಿ. ಗೊತ್ತಿದ್ದೂ ಸಂಜೆ ತಡವಾಗಿ ಹೊರಡಿಸಿ, ಗೇಟ್ ಮುಚ್ಚಿದ ಮೇಲೆ "ಏನ್ ಮಾಡೋದು ಸರ್, ಕಾಡು" ಅನ್ನೋ ಟೂರ್‌ನವನದ್ದು ಕಾಡಿನ ತಪ್ಪಲ್ಲ.

ಪ್ರಕೃತಿ ಹಾಳು ಮಾಡಿದ ರಜೆಗೆ ತಲೆಬಾಗಿ. ಮನುಷ್ಯ ಹಾಳು ಮಾಡಿದ್ದಕ್ಕೆ ರಸೀದಿ ಕೇಳಿ.

—

ಭಾಗ 6/9: "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್"

ಈ ಮೂರು ಪದಕ್ಕಿಂತ ದೊಡ್ಡ ಲಾಭ ತಂದುಕೊಟ್ಟ ಬಂಡವಾಳ ನಮ್ಮ ಪ್ರವಾಸೋದ್ಯಮದಲ್ಲಿ ಇನ್ನೊಂದಿಲ್ಲ.

ಬಿಸಿನೀರು ಬರಲ್ಲ: ಅಡ್ಜಸ್ಟ್ ಮಾಡ್ಕೊಳ್ಳಿ. ನಾಲ್ಕು ಜನರ ಕೋಣೆಗೆ ಆರು ಹಾಸಿಗೆ: ಅಡ್ಜಸ್ಟ್. "ಕಣಿವೆ ನೋಟ" ಅಂದ ಕಿಟಕಿಯ ಎದುರು ಜನರೇಟರ್ ಶೆಡ್: ಅಡ್ಜಸ್ಟ್. ಅಡ್ಜಸ್ಟ್ ಯಾವಾಗಲೂ ದುಡ್ಡು ಕೊಟ್ಟವನೇ ಮಾಡ್ಕೋಬೇಕು. ದುಡ್ಡು ತಗೊಂಡವನು ಬಿಲ್ಲಿನಲ್ಲಿ ಅಡ್ಜಸ್ಟ್ ಮಾಡಿದ್ದನ್ನ ನೋಡಿದ್ದೀರಾ?

ಅಡ್ಜಸ್ಟ್ ಮಾಡ್ಕೊಳ್ಳದ ಒಬ್ಬರ ಕಥೆ ಕೇಳಿ. ಇಂಗ್ಲೆಂಡಿನ ಜಾರ್ವಿಸ್. ಸ್ಥಳೀಯ ಸಂಸ್ಥೆಯೊಂದರಲ್ಲಿ ವಕೀಲ, ವರ್ಷಕ್ಕೆ ಎರಡು ವಾರ ರಜೆ. 1969ರ ಕ್ರಿಸ್‌ಮಸ್‌ಗೆ ಸ್ವಾನ್ಸ್ ಟೂರ್ಸ್ ಕಂಪನಿಗೆ 63 ಪೌಂಡ್ ಚಿಲ್ಲರೆ ಕೊಟ್ಟು ಸ್ವಿಟ್ಜರ್ಲೆಂಡ್‌ಗೆ ಹೋದರು. ಕರಪತ್ರದಲ್ಲಿ ಮನೆಮಂದಿಯ ಹಾಗೆ ಎಲ್ಲರೂ ಸೇರಿ ಸಂಭ್ರಮ, ಮಧ್ಯಾಹ್ನ ಚಹಾ ಕೇಕು, ಯೋಡಲಿಂಗ್ ಹಾಡಿನ ಸಂಜೆ ಅಂತ ಬರೆದಿತ್ತು. ಮೊದಲ ವಾರ 13 ಜನ ಇದ್ರು. ಎರಡನೇ ವಾರ ಇಡೀ "ಸಂಭ್ರಮ"ದಲ್ಲಿ ಇದ್ದದ್ದು ಅವರೊಬ್ಬರೇ. ಕೇಕಿನ ಬದಲು ಚಿಪ್ಸು, ಒಣಗಿದ ತಿಂಡಿ. ಹಾಡಿನ ಸಂಜೆ ಅಂದ್ರೆ ಊರಿನವನೊಬ್ಬ ಕೆಲಸದ ಬಟ್ಟೆಯಲ್ಲೇ ಬಂದು ನಾಲ್ಕೈದು ಹಾಡು ಬೇಗ ಬೇಗ ಹಾಡಿ ಹೋದ.

ಜಾರ್ವಿಸ್ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟ್ 31 ಪೌಂಡ್ ಚಿಲ್ಲರೆ ಕೊಡಿಸಿತು. ಅವರು ಮೇಲ್ಮನವಿ ಹಾಕಿದರು. ಲಾರ್ಡ್ ಡೆನ್ನಿಂಗ್ ಇದ್ದ ಪೀಠ ಪರಿಹಾರವನ್ನ 125 ಪೌಂಡ್‌ಗೆ ಏರಿಸಿತು. ಕೊಟ್ಟ ದುಡ್ಡಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಯಾಕೆ? ಹೋದದ್ದು ಬರೀ ಟಿಕೆಟ್ ದುಡ್ಡಲ್ಲ, ವರ್ಷಕ್ಕೊಮ್ಮೆ ಬರೋ ರಜೆಯ ಸಂತೋಷ, ಅದಕ್ಕೂ ಬೆಲೆ ಇದೆ ಅಂತ. 1973ರ ಕಾನೂನು ವರದಿಗಳಲ್ಲಿ ದಾಖಲಾದ ಈ ತೀರ್ಪನ್ನ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದ್ತಾರೆ.

ಅವರನ್ನ ಯಾರಾದ್ರೂ "ಇಷ್ಟಕ್ಕೆಲ್ಲಾ ಕೋರ್ಟಾ?" ಅಂತ ಕೇಳಿರಬಹುದು. ನಮ್ಮಲ್ಲಾದ್ರೆ ಖಂಡಿತ ಕೇಳ್ತಿದ್ರು.

—

ಭಾಗ 7/9: ಸೇವ್ ಮಾಡ್ಕೊಳ್ಳಿ, ಇದು ನಮ್ಮಲ್ಲಿ ಇರೋ ಹಕ್ಕು

ಇಂಗ್ಲೆಂಡಿನ ಕಥೆ ಸಾಕು. ನಮ್ಮ ಕೈಯಲ್ಲಿ ಏನಿದೆ?

ರೈಲು: ನಿಮ್ಮ ನಿಲ್ದಾಣಕ್ಕೆ 3 ಗಂಟೆಗಿಂತ ಹೆಚ್ಚು ತಡ, ನೀವು ಪ್ರಯಾಣ ಮಾಡಲ್ಲ ಅಂದ್ರೆ, ರೈಲು ಅಲ್ಲಿಂದ ಹೊರಡೋ ಮೊದಲೇ ಆನ್‌ಲೈನ್‌ನಲ್ಲಿ ಟಿಡಿಆರ್ ಹಾಕಿ. ಪೂರ್ತಿ ಹಣ ವಾಪಸ್. ರೈಲೇ ರದ್ದಾದ್ರೆ ಇ-ಟಿಕೆಟ್ ಹಣ ತಾನಾಗಿಯೇ ಬರುತ್ತೆ. ಮುಂಗಡ ಬುಕಿಂಗ್ ಈಗ 120 ಅಲ್ಲ, 60 ದಿನ. 2024ರ ನವೆಂಬರ್ 1ರಿಂದ ಬದಲಾಗಿದೆ.

ವಿಮಾನ: ರದ್ದಾದ್ರೆ ಬೇರೆ ವಿಮಾನ ಅಥವಾ ಹಣ ವಾಪಸ್. 6 ಗಂಟೆಗಿಂತ ಹೆಚ್ಚು ತಡವಾದ್ರೂ ಇದನ್ನೇ ಕೇಳಬಹುದು. ಸಮಯಕ್ಕೆ ಮೊದಲೇ ತಿಳಿಸದೆ ರದ್ದು ಮಾಡಿದ್ರೆ ಹಾರಾಟದ ಅವಧಿ ನೋಡಿ 5,000ದಿಂದ 10,000 ರೂಪಾಯಿವರೆಗೆ ಪರಿಹಾರದ ನಿಯಮ ಇದೆ. ನಿಮ್ಮ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಇದ್ರೆ ಅಷ್ಟು. ಹವಾಮಾನದಂಥ ಕೈಮೀರಿದ ಕಾರಣಕ್ಕೆ ಈ ಪರಿಹಾರ ಸಿಗಲ್ಲ. ಅದಕ್ಕೇ ಕಾರಣವನ್ನ ಬರಹದಲ್ಲಿ ಕೇಳಿ ಇಟ್ಕೊಳ್ಳಿ.

ಹೋಂಸ್ಟೇ: ಹೋಂಸ್ಟೇ ಅಂದ್ರೆ ಮಾಲೀಕರ ಮನೆಯವರು ವಾಸ ಇರೋ ಜಾಗದಲ್ಲಿ ಕೆಲವೇ ಕೋಣೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು. ಮುಂಗಡ ಹಾಕೋ ಮೊದಲು ನೋಂದಣಿ ಸಂಖ್ಯೆ ಕೇಳಿ. ಕೇಳಿದ ತಕ್ಷಣ ಮಾತು ಬದಲಿಸಿದ್ರೆ ಉತ್ತರ ಸಿಕ್ಕಿತು ಅಂತಲೇ ಅರ್ಥ.

ಯಾವುದೇ ಮೋಸಕ್ಕೆ: ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಡಿಕೇರಿಗೋ ಗೋವಾಕ್ಕೋ ಅಲೆಯಬೇಕಿಲ್ಲ. ನೀವು ಕೊಟ್ಟ ಮೊತ್ತ 5 ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಆನ್‌ಲೈನ್‌ನಲ್ಲೂ ಹಾಕಬಹುದು. ಅವಧಿ 2 ವರ್ಷ. ಕಿರುಕುಳ, ಮಾನಸಿಕ ನೋವಿಗೂ ಗ್ರಾಹಕ ಆಯೋಗ ಪರಿಹಾರ ಕೊಡಿಸಬಹುದು ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ.

ಇದಕ್ಕೆಲ್ಲಾ ಬೇಕಾಗೋದು ಸಾಕ್ಷಿ. ಬುಕ್ ಮಾಡುವಾಗ ತೋರಿಸಿದ ಫೋಟೋದ ಸ್ಕ್ರೀನ್‌ಶಾಟ್, ಕೊಟ್ಟ ಕೋಣೆಯ ಫೋಟೋ, ದುಡ್ಡು ಹೋದ ರಸೀದಿ, ವಾಟ್ಸಾಪ್ ಮಾತುಕತೆ. ಫೋನಿನಲ್ಲಿ "ನೋಡೋಣ ಸರ್" ಅಂದಿದ್ದು ಸಾಕ್ಷಿ ಅಲ್ಲ. ಬರೆದು ಕೇಳಿ, ಬರೆದು ಉತ್ತರ ತಗೊಳ್ಳಿ.

ಕೊನೆಗೂ ನಿಮ್ಮ ಫೋನಿನ ಕ್ಯಾಮೆರಾಕ್ಕೆ ಸೂರ್ಯಾಸ್ತ ಬಿಟ್ಟು ಇನ್ನೊಂದು ಕೆಲಸ ಸಿಕ್ತು.

—

ಭಾಗ 8/9: ನಾವಿರೋ ಈ ಆ್ಯಪ್ ಬಗ್ಗೆಯೂ ಎರಡು ಮಾತು

ಯಾರನ್ನೋ ಬೈದು, ನಾವು ಕೂತಿರೋ ಜಗಲಿಯನ್ನ ಬಿಟ್ಟರೆ ಹೇಗೆ?

"ಯಾರಿಗೂ ಗೊತ್ತಿಲ್ಲದ ಗುಪ್ತ ಜಲಪಾತ" ಅಂತ ಲಕ್ಷ ಜನಕ್ಕೆ ಹೇಳೋ ರೀಲ್. "ಮೂರು ಸಾವಿರದಲ್ಲಿ ಸ್ವರ್ಗ" ಅನ್ನೋ ರೀಲ್. ಜನರಿಲ್ಲದ ಮಂಗಳವಾರ ಬೆಳಗ್ಗೆ 6ಕ್ಕೆ ತೆಗೆದಿರ್ತಾರೆ, ನೀವು ಶನಿವಾರ 11ಕ್ಕೆ ಹೋಗಿರ್ತೀರಿ. 2023ರ ಜುಲೈನಲ್ಲಿ ದೂಧ್‌ಸಾಗರಕ್ಕೆ ಹಳಿ ಮೇಲೆ ನಡೆದು ಹೊರಟವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೋ ನೋಡಿ ಎಲ್ಲರೂ ನಕ್ಕರು. ಹಾಲಿನ ನೊರೆಯ ಹಾಗೆ ಜಲಪಾತ ತೋರಿಸಿ, ಅಲ್ಲಿಗೆ ಹೋಗೋದಕ್ಕೆ ನಿಷೇಧ ಇದೆ ಅಂತ ಹೇಳದೆ ಬಿಟ್ಟ ರೀಲ್‌ನವರು ಬಸ್ಕಿ ಹೊಡೆದ್ರಾ?

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ದುಡ್ಡು ತಗೊಂಡಿದ್ರೆ ಮಾತ್ರ ಅಲ್ಲ, ಉಚಿತ ವಾಸ, ಉಚಿತ ಪ್ರವಾಸ ಪಡೆದಿದ್ರೂ ಅದನ್ನ ಎಲ್ಲರಿಗೂ ಕಾಣೋ ಹಾಗೆ ಹೇಳಬೇಕು. ನೀವು ನೋಡಿ ಬುಕ್ ಮಾಡಿದ ರೆಸಾರ್ಟ್ ರೀಲ್‌ನಲ್ಲಿ ಆ ಸಾಲು ಇತ್ತಾ? ನೀವು 9,000 ಕೊಟ್ಟು ತಗೊಂಡ ಕೋಣೆಗೆ ಅವರು ಎಷ್ಟು ಕೊಟ್ಟಿದ್ರು ಅಂತ ಕಾಮೆಂಟ್‌ನಲ್ಲಿ ಕೇಳಿ. ಮರ್ಯಾದೆಯಿಂದಲೇ ಕೇಳಿ. ಕೇಳೋ ಹಕ್ಕಿದೆ.

ಇನ್ನೊಂದು ಕಡೆ "ಪಾಸಿಟಿವ್" ಗುಂಪು. "ಕೆಟ್ಟದ್ದನ್ನೇ ಯಾಕೆ ಹೇಳ್ತೀರಿ? ಅನುಭವ ಅಂದ್ಕೊಳ್ಳಿ, ಮುಂದೆ ನಗೋಕೆ ಕಥೆ ಆಗುತ್ತೆ." ನಿಜ, ಕೆಲವು ಕಥೆ ಆಗುತ್ತೆ. ದಾರಿ ತಪ್ಪಿ ಯಾರದೋ ತೋಟದ ಮನೆಯಲ್ಲಿ ಅಕ್ಕಿರೊಟ್ಟಿ ತಿಂದಿದ್ದು ಕಥೆ. ಟೈರ್ ಪಂಕ್ಚರ್ ಆಗಿ ಬೆಳದಿಂಗಳಲ್ಲಿ ಕೂತಿದ್ದು ಕಥೆ. 22,000 ರೂಪಾಯಿ ಮುಂಗಡ ತಗೊಂಡು ಫೋನ್ ಎತ್ತದವನು ಕಥೆ ಅಲ್ಲ, ದೂರು.

ಮತ್ತೆ "ಮನೇಲೇ ಇರಿ" ಅನ್ನೋರು. ಮನೇಲಿ ಅಡುಗೆ ಯಾರು ಮಾಡ್ತಾರೆ ಅಂತ ಅವರನ್ನ ಕೇಳಿ. ಎಷ್ಟೋ ಹೆಂಗಸರಿಗೆ ಒಲೆಯಿಂದ ಎರಡು ದಿನ ದೂರ ಇರೋ ಒಂದೇ ದಾರಿ ಪ್ರವಾಸ. ಆ ಎರಡು ದಿನವೂ ಚಿತ್ರಾನ್ನ ಕಟ್ಟಿ, ಮಕ್ಕಳ ಔಷಧಿ ಎಣಿಸಿ, ಕೊನೆಗೆ "ನಿನ್ನ ಪ್ಲಾನ್ ಸರಿ ಇಲ್ಲ" ಅನಿಸಿಕೊಂಡು ವಾಪಸ್ ಬರೋರೂ ಅವರೇ. ರಜೆ ಹಾಳಾದ್ರೆ ಮೊದಲ ಏಟು ಬೀಳೋದು ಅಲ್ಲಿಗೆ. ಅದಕ್ಕೇ ಇದು ನನಗೆ ತಮಾಷೆಯ ವಿಷಯ ಅಲ್ಲ.

—

ಭಾಗ 9/9: ಹಾಗಾದ್ರೆ ಏನು ಮಾಡೋಣ?

ಮೂರು ಕೆಲಸ. ಮೂರೂ ನಿಮ್ಮ ಕೈಯಲ್ಲಿರೋವು.

ಒಂದು. ಹಾಳಾದ ರಜೆಯನ್ನ ಮುಚ್ಚಿಡಬೇಡಿ. ನಗ್ತಾ ಇರೋ ನಾಲ್ಕು ಫೋಟೋ ಹಾಕಿ, ಬೇಡ ಅನ್ನಲ್ಲ. ಐದನೆಯದು ಟ್ರಾಫಿಕ್‌ನದ್ದು ಇರಲಿ. ಆರನೆಯದು ಕೊಟ್ಟ ಕೋಣೆಯದ್ದು ಇರಲಿ. ಎಷ್ಟು ಹೊತ್ತು ನಿಂತಿರಿ, ಎಷ್ಟು ಕೊಟ್ಟಿರಿ, ಏನು ಸಿಕ್ತು, ಸಂಖ್ಯೆ ಸಮೇತ ಬರೀರಿ. ಬೈಗುಳ ಬೇಡ, ಉತ್ಪ್ರೇಕ್ಷೆ ಬೇಡ. ನೀವು ಮುಚ್ಚಿಟ್ಟ ಪ್ರತಿ ಸಂಗತಿಗೆ ಮುಂದಿನ ವಾರ ಇನ್ನೊಂದು ಮನೆಯವರು ದುಡ್ಡು ಕೊಡ್ತಾರೆ.

ಎರಡು. ಕೇಳಿ. ರಿಫಂಡ್ ಕೇಳಿ, ನೋಂದಣಿ ಸಂಖ್ಯೆ ಕೇಳಿ, ಕಾರಣ ಕೇಳಿ. ಬಸ್ ದರಕ್ಕೆ ಮಿತಿ ಯಾಕಿಲ್ಲ ಅಂತ ಚುನಾವಣೆಗೆ ಬಂದವರನ್ನ ಕೇಳಿ. ಮುಂದಿನ ವರ್ಷದ ರಜಾಪಟ್ಟಿ ಬರೋ ಮೊದಲೇ ಆಫೀಸಿನಲ್ಲಿ ಹಬ್ಬ ಇಲ್ಲದ ವಾರದ ರಜೆ ಕೇಳಿ. 20 ದಿನಕ್ಕೆ 1 ಅಂತ ನೀವೇ ದುಡಿದು ಗಳಿಸಿದ್ದು ಅದು, ಮ್ಯಾನೇಜರ್ ಕೊಡೋ ಪ್ರಸಾದ ಅಲ್ಲ.

ಮೂರು. ಇದು ಎಲ್ಲಕ್ಕಿಂತ ಮುಖ್ಯ. ಕಾರಿನೊಳಗೆ ಜಗಳ ಶುರುವಾಗೋ ಆ ಕ್ಷಣ ಇದೆಯಲ್ಲ, ಅಲ್ಲಿ ನಿಲ್ಲಿಸಿ. ಪಕ್ಕದಲ್ಲಿ ಕೂತವರು ನಿಮಗೆ ಮೂರು ಪಟ್ಟು ಟಿಕೆಟ್ ಮಾರಿಲ್ಲ. ಹಿಂದೆ ಕೂತವರು ಬೆಟ್ಟದ ರಸ್ತೆಗೆ ಮಿತಿ ಮೀರಿ ಕಾರು ಬಿಟ್ಟಿಲ್ಲ. ಪ್ಲಾನ್ ಮಾಡಿದವರು ಮಾಡಿದ ತಪ್ಪು ಒಂದೇ: ಎಲ್ಲರೂ ಖುಷಿಯಾಗಿರಲಿ ಅಂತ ಬಯಸಿದ್ದು.

ಅವರಿಗೆ "ಥ್ಯಾಂಕ್ಸ್" ಹೇಳಿ. ಆಮೇಲೆ ಫೋನ್ ತೆಗೆದು, ಒಟ್ಟಿಗೇ ಕೂತು, ದೂರು ಬರೀರಿ. ಎಷ್ಟೋ ವರ್ಷದ ಮೇಲೆ ಇಡೀ ಕುಟುಂಬ ಸೇರಿ ಮಾಡಿದ ಕೆಲಸ ಅದೇ ಆಗಿರಬಹುದು.

ನಿಮ್ಮ ಹಾಳಾದ ರಜೆಯ ಲೆಕ್ಕ ಕೆಳಗೆ ಬರೀರಿ. ಎಷ್ಟು ಗಂಟೆ, ಎಷ್ಟು ರೂಪಾಯಿ, ಎಷ್ಟು ದಿನದ ದುಡಿಮೆ. ಮುಂದಿನ ಹಬ್ಬಕ್ಕೆ ಟಿಕೆಟ್ ಬುಕ್ ಮಾಡೋಕೆ ಹೊರಟಿರೋ ಒಬ್ಬರಿಗಾದ್ರೂ ಇದನ್ನ ಕಳಿಸಿ.

#ಹಾಳಾದರಜೆ #ಅಡ್ಜಸ್ಟ್‌ಮಾಡ್ಕೊಳ್ಳಲ್ಲ #ರಸೀದಿಕೇಳಿ #20ಕ್ಕೆ1